ವರ್ಷಕ್ಕೊಮ್ಮೆ ಹಾಡುವ ತಟ್ಟೆ

ಅಮೆರಿಕದ ಟೊರೆನ್ಸಿನ ಆ ಬಾಡಿಗೆ ಮನೆಯಲ್ಲಿ ಗರಾಜಿಗೆ ಕಾಲಿಡುವ ಮುನ್ನ ಕೆಮ್ಮಬೇಕಿತ್ತು. ನೆಗಡಿ ಇರಲಿ ಬಿಡಲಿ, ಬಾಗಿಲ ಮುಂದೆ ನಿಂತು ಒಮ್ಮೆ ಕೆಮ್ಮಿ, ಒಂದರೆಗಳಿಗೆ ಬಿಟ್ಟು, ಆಮೇಲೆ ಹಿಡಿ ತಿರುಗಿಸಬೇಕು. ಅಮ್ಮ ಮಾಡಿದ ಕಾನೂನು ಇದು. ಅಪ್ಪ ಪಕ್ಕದ ಎಲ್ ಸೆಗುಂಡೋದಲ್ಲಿ ವಿಮಾನದ ಬಿಡಿಭಾಗ ಪರೀಕ್ಷಿಸುವ ಎಂಜಿನಿಯರು, ದೆವ್ವ ದೇವರು ಎರಡಕ್ಕೂ ಮೂಗು ಮುರಿಯುವವರು. ಅವರೂ ಟೈರಿಗೆ ಗಾಳಿ ಹೊಡೆಯುವ ಪಂಪು ತರಲು ಹೋಗುವಾಗ ಕೆಮ್ಮಿಯೇ ಹೋಗುತ್ತಿದ್ದರು. ಕೇಳಿದರೆ ಧೂಳು ಎನ್ನುತ್ತಿದ್ದರು. ಒಳಗಿರುವವರಿಗೆ ನಾವು ಬರುತ್ತಿರುವುದು ಗೊತ್ತಾಗಲಿ, ಎದ್ದು ಹೋಗಲು ಅವರಿಗೆ ಸಮಯ ಸಿಗಲಿ ಎಂಬುದು ಆ ಕೆಮ್ಮಿನ ಅರ್ಥ. ಒಳಗೆ ಯಾರೂ ಇರುತ್ತಿರಲಿಲ್ಲ. ಯಾರೂ ಇಲ್ಲದ ಕೋಣೆಗೆ ಮರ್ಯಾದೆ ಕೊಡುತ್ತಲೇ ನಾನು ಬೆಳೆದೆ. ಈಗಲೂ ಹೋಟೆಲಿನ ಖಾಲಿ ರೂಮಿನ ಮುಂದೆ ನಿಂತರೆ ನನಗೆ ಕೆಮ್ಮು ಬರುತ್ತದೆ, ಜೊತೆಗಿದ್ದವರು ಬ್ಯಾಗಿನಿಂದ ಮಾತ್ರೆ ತೆಗೆಯುತ್ತಾರೆ.

ನಾವು ಆ ಮನೆಗೆ ಬಂದಾಗ ನನಗೆ ಎಂಟು ವರ್ಷ. ಮುಂದಿನ ಮನೆ ನಮ್ಮದು, ಹಿತ್ತಲಿನ ಒಂಟಿ ಕೋಣೆಯ ಮನೆ ಮಾಲೀಕರದು. ಮಾಲೀಕರ ಹೆಸರು ವೆಂಡೆಲ್. ಎಪ್ಪತ್ತು ದಾಟಿದ, ಬಾಗಿಲ ಚೌಕಟ್ಟಿಗೆ ತಲೆ ತಗಲುವಷ್ಟು ಎತ್ತರದ ಆಫ್ರಿಕನ್ ಅಮೆರಿಕನ್ ಮುದುಕರು. ನಾನು ಮೊದಲ ದಿನವೇ ವೆಂಡೆಲ್ ಅಂಕಲ್ ಎಂದು ಕರೆದೆ. ನಾನು ನಿನಗೆ ಯಾವ ಕಡೆಯಿಂದ ಅಂಕಲ್ ಎಂದು ಅವರು ಕೇಳಿದರು. ನಾನು ಹಾಗೆ ಕರೆಯುವುದನ್ನು ಬಿಡಲಿಲ್ಲ. ಅವರ ಹೆಂಡತಿ ನೋರೀನ್ ಮದುವೆಯಾಗಿ ಆರು ವರ್ಷಕ್ಕೇ ತೀರಿಕೊಂಡಿದ್ದರು, ನಾನು ಹುಟ್ಟುವುದಕ್ಕೆ ಎಷ್ಟೋ ಮೊದಲು. ಎರಡು ಮನೆಗಳ ನಡುವೆ ಇದ್ದದ್ದೇ ಗರಾಜು. ಅದರ ನಡುವೆ ತೆಳು ಪ್ಲೈವುಡ್ಡಿನ ಅಡ್ಡಗೋಡೆ. ಈಚೆ ನಮ್ಮ ಬಟ್ಟೆ ಒಗೆಯುವ ಮೆಶೀನು, ಅಕ್ಕಿ ಮೂಟೆ, ಬೆಂಗಳೂರಿಂದ ತಂದ ಖಾಲಿ ಸೂಟ್‌ಕೇಸುಗಳು. ಅಲ್ಲಿಗೆ ಅಡುಗೆಮನೆಯಿಂದ ಬಾಗಿಲು. ಆಚೆ ಅವರ ಗ್ರಾಮಾಫೋನು ರೆಕಾರ್ಡುಗಳು. ಅಲ್ಲಿಗೆ ಹಿತ್ತಲಿನಿಂದ ಬಾಗಿಲು. ಬಿಸಿನೀರಿನ ಹೀಟರು ಅವರ ಕಡೆ ಇದ್ದುದರಿಂದ ಆ ಬಾಗಿಲಿನ ಒಂದು ಕೀ ನಮ್ಮ ಅಡುಗೆಮನೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಆ ಕೀಯನ್ನು ಅಪ್ಪ ಅಲ್ಲಿ ನೇತುಹಾಕದೇ ಇದ್ದಿದ್ದರೆ ನಾನು ಬೇರೆ ಯಾರೋ ಆಗಿರುತ್ತಿದ್ದೆ.

ವೆಂಡೆಲ್ ಅಂಕಲ್ ಹರೆಯದಲ್ಲಿ ಒಂದು ಸೋಲ್ ಕ್ಲಬ್ಬು ನಡೆಸುತ್ತಿದ್ದರು. ಕ್ಲಬ್ಬು ಎಂದರೆ ಏನೋ ಎಂದು ಅಮ್ಮ ಮೊದಲು ಹೆದರಿದ್ದಳು. ಭಾನುವಾರ ಚರ್ಚು ಮುಗಿದ ಮೇಲೆ ಬಾಡಿಗೆಗೆ ಹಿಡಿದ ಒಂದು ಹಾಲ್, ರೆಕಾರ್ಡು ತಿರುಗಿಸುವ ಎರಡು ಟರ್ನ್‌ಟೇಬಲ್ಲು, ನೆಲಕ್ಕೆ ಚಿಮುಕಿಸಿದ ಪೌಡರು, ಕುಣಿಯುವಾಗ ಕಾಲು ಜಾರಲಿ ಎಂದು. ಅಷ್ಟೇ ಕ್ಲಬ್ಬು. ಸೋಲ್ ಎಂದರೆ ಪ್ರೀತಿ, ಮೋಸ, ದೇವರು ಮೂರನ್ನೂ ಒಂದೇ ಗಂಟಲಲ್ಲಿ ಹಾಡುವ ಸಂಗೀತ, ಮೂರು ನಿಮಿಷಕ್ಕೊಂದು ಹಾಡು, ಅಂಗೈ ಅಗಲದ ಸಣ್ಣ ತಟ್ಟೆಗೆ ಒಂದೊಂದು. ಆ ಕಸುಬಿನವರಲ್ಲಿ ಒಂದು ಪದ್ಧತಿ ಇತ್ತು. ಯಾರ ಹತ್ತಿರವೂ ಇಲ್ಲದ ರೆಕಾರ್ಡು ಸಿಕ್ಕರೆ ಅದರ ನಡುವಿನ ಹೆಸರಿನ ಮೇಲೆ ಬಿಳಿ ಕಾಗದ ಅಂಟಿಸಿ ಸುಳ್ಳು ಹೆಸರು ಬರೆಯುವುದು, ಪಕ್ಕದ ಕ್ಲಬ್ಬಿನವರು ಬಗ್ಗಿ ನೋಡಿದರೂ ತಿಳಿಯಬಾರದು ಎಂದು. ಅವರ ಗೋಡೆ ತುಂಬ ಹೀಗೆ ಮುಖ ಮುಚ್ಚಿಕೊಂಡ ರೆಕಾರ್ಡುಗಳು. ಎಷ್ಟೋ ತಟ್ಟೆಗಳ ನಿಜವಾದ ಹೆಸರು ಅವರಿಗೇ ಮರೆತುಹೋಗಿತ್ತು, ಕಾಗದ ಕೀಳಲು ಹೋದರೆ ಅಡಿಯ ಅಕ್ಷರವೂ ಕಿತ್ತು ಬರುತ್ತಿತ್ತು.

ಶನಿವಾರ ಗ್ಲೆಂಡೇಲ್‌ನಿಂದಲೂ ಇನ್ನೆಲ್ಲಿಂದಲೋ ರೆಕಾರ್ಡು ಸಂಗ್ರಹಿಸುವ ಹುಡುಗ ಹುಡುಗಿಯರು ಬರುತ್ತಿದ್ದರು. ಬೆರಳ ತುದಿಯಲ್ಲಿ ಒಂದೊಂದೇ ಲಕೋಟೆ ಸರಿಸುತ್ತ, ಕೆಲವನ್ನು ಮೂಸಿ ನೋಡುತ್ತ ಗಂಟೆಗಟ್ಟಲೆ ನಿಲ್ಲುತ್ತಿದ್ದರು. ಒಮ್ಮೆ ಈ ಹುಡುಗರು ಭಾನುವಾರ ಮಧ್ಯಾಹ್ನ ನಡೆಸುವ ಕುಣಿತಕ್ಕೆ ವೆಂಡೆಲ್ ಅಂಕಲ್ ಹಿರಿಯರಾಗಿ ಹೋದಾಗ ನಮ್ಮನ್ನೂ ಕರೆದುಕೊಂಡು ಹೋದರು. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಕಿಟಕಿಗೆಲ್ಲ ಕಪ್ಪು ಬಟ್ಟೆ. ಇಪ್ಪತ್ತರ ಹುಡುಗಿಯರು ಹಳೆ ಬಟ್ಟೆ ಅಂಗಡಿಯಲ್ಲಿ ಆರಿಸಿ ತಂದ ಐವತ್ತು ವರ್ಷ ಹಿಂದಿನ ಗೌನು, ಕೈಗವಸು ಹಾಕಿಕೊಂಡು ಕುಣಿಯುತ್ತಿದ್ದರು. ವೆಂಡೆಲ್ ಅಂಕಲ್ ಗೋಡೆಗೊರಗಿ ಕೂತು ಒಬ್ಬೊಬ್ಬರನ್ನೇ ನೋಡುತ್ತ, ಈ ಗೌನು ಇಂಥವಳದು, ಆ ಗೌನು ಅಂಥವಳದು, ಈಗ ಇಬ್ಬರೂ ಇಲ್ಲ ಎಂದು ನನಗೆ ಹೇಳುತ್ತಿದ್ದರು. ನಾನು ಅಮ್ಮನಿಗೆ ಹೇಳಿದೆ. ಅಮ್ಮನಿಗೆ ಇಂಗ್ಲಿಷ್ ಬರುತ್ತಿತ್ತು, ವೆಂಡೆಲ್ ಅಂಕಲ್ ಆಡುವ ಇಂಗ್ಲಿಷ್ ಬರುತ್ತಿರಲಿಲ್ಲ. ನಾನೇ ನಡುವೆ ನಿಂತು ಅನುವಾದಿಸುತ್ತಿದ್ದೆ. ಹಾಗಾಗಿ ಅವರು ಹೇಳಿದ್ದೆಲ್ಲ ನನ್ನ ತಲೆಯಲ್ಲಿ ಈಗಲೂ ಕನ್ನಡದಲ್ಲೇ ಇದೆ.

"ಸತ್ತವರ ಬಟ್ಟೆ ಹಾಕ್ಕೊಂಡು ಕುಣೀತವ್ರಲ್ಲೇ," ಎಂದಳು ಅಮ್ಮ. "ಇವರಿಗೆ ಹೇಳೋರು ಕೇಳೋರು ಯಾರೂ ಇಲ್ವಾ?"

ಅಮ್ಮನಿಗೆ ಆಗ ಸತ್ತವರದೇ ಧ್ಯಾನ. ನಾವು ಬಂದ ಮೊದಲ ಚಳಿಗಾಲದಲ್ಲೇ ತಿಪಟೂರಿನಲ್ಲಿ ಅಜ್ಜಿ, ಅಮ್ಮನ ಅಮ್ಮ, ಹೋಗಿಬಿಟ್ಟರು. ಅಪ್ಪ ಕಂಪನಿ ಬದಲಾಯಿಸಿದ್ದರಿಂದ ನಮ್ಮ ವೀಸಾ ಪೇಪರುಗಳು ಪೆಂಡಿಂಗ್ ಇದ್ದವು, ಹೊರಗೆ ಹೋದರೆ ಮತ್ತೆ ಒಳಗೆ ಬರುವುದು ಖಾತ್ರಿ ಇಲ್ಲ ಎಂದು ವಕೀಲರು ಹೇಳಿದ್ದರು. ಅಮ್ಮ ಹೋಗಲಿಲ್ಲ. ಫೋನು ಕೆಳಗಿಟ್ಟು, ಬೇಳೆಗೆ ಒಗ್ಗರಣೆ ಹಾಕಿ, ನಮಗೆ ಬಡಿಸಿದಳು. ಅವಳು ಅತ್ತದ್ದನ್ನು ನಾನು ಅಂದೂ ನೋಡಲಿಲ್ಲ, ಆಮೇಲೆಯೂ ನೋಡಲಿಲ್ಲ. ಆ ವಯಸ್ಸಿಗೆ ನನಗೆ ಅದು ಧೈರ್ಯ ಎನ್ನಿಸಿತ್ತು. ಮುಂದಿನ ಪಿತೃಪಕ್ಷ ಬಂದಾಗ ಅಜ್ಜಿಗೆ ಎಡೆ ಇಡೋಣ ಎಂದು ಅಮ್ಮ ಮೆಲ್ಲಗೆ ಕೇಳಿದಳು. ಕೊಟ್ಟ ಹೆಣ್ಣು ತವರಿನ ಹಿರಿಯರಿಗೆ ಗಂಡನ ಮನೆಯಲ್ಲಿ ಎಡೆ ಇಡುವ ಪದ್ಧತಿ ನಮ್ಮಲ್ಲಿಲ್ಲ. ತಿಪಟೂರಿನಲ್ಲಿ ಮಾವ ಇಡುತ್ತಾನೆ, ಅವಳು ಅಲ್ಲಿಗೆ ಹೋಗಿ ಕೈ ಮುಗಿಯಬೇಕು.

"ನಿಮ್ಮಣ್ಣ ಇಡ್ತಾನಲ್ಲ, ಮತ್ತೆ ಇಲ್ಲೇನು?" ಎಂದರು ಅಪ್ಪ. ಯಾವುದನ್ನೂ ನಂಬದ ಮನುಷ್ಯ ಆ ಒಂದು ಪದ್ಧತಿಯನ್ನು ಮಾತ್ರ ಗಟ್ಟಿಯಾಗಿ ನಂಬಿದರು. ಮೂರು ದಿನ ಮನೆಯಲ್ಲಿ ಪಾತ್ರೆಗಳಷ್ಟೇ ಮಾತಾಡಿದವು.

ಅದೇ ದಿನಗಳಲ್ಲಿ ವೆಂಡೆಲ್ ಅಂಕಲ್ ನಮ್ಮನ್ನು ಗರಾಜಿಗೆ ಕರೆದರು. ಅಕ್ಟೋಬರಿನಲ್ಲಿ ಅಲ್ಲಿ ಮರುಭೂಮಿಯ ಕಡೆಯಿಂದ ಒಣ ಬಿಸಿಗಾಳಿ ಬೀಸುತ್ತದೆ, ಯಾರೂ ಮುಟ್ಟದೆ ಬಾಗಿಲುಗಳು ಬಡಿದುಕೊಳ್ಳುತ್ತವೆ. ಅಂದು ನೋರೀನ್ ಆಂಟಿ ತೀರಿಕೊಂಡ ದಿನ. ಅವರೂ ಹಾಡುತ್ತಿದ್ದರಂತೆ. ಸ್ಟುಡಿಯೋದಲ್ಲಿ ಒಂದೇ ಒಂದು ಹಾಡು ಹಾಡಿದ್ದರು, ಕಂಪನಿಯವರು ಬೇಡವೆಂದರು, ಅಂದು ಪರೀಕ್ಷೆಗೆಂದು ಕೊರೆದ ಒಂದು ತಟ್ಟೆ ಮಾತ್ರ ಉಳಿಯಿತು. ಅದು ಅಂಗಡಿಯಲ್ಲಿ ಸಿಗುವ ರೆಕಾರ್ಡಿನಂತಲ್ಲ. ಅಲ್ಯೂಮಿನಿಯಂ ತಗಡಿನ ಮೇಲೆ ಅರಗಿನಂಥ ಕಪ್ಪು ಲೇಪ ಬಳಿದದ್ದು. ಮೆತ್ತಗಿನ ಲೇಪ, ಪ್ರತಿಸಲ ಮುಳ್ಳು ಓಡಿದಾಗಲೂ ಸ್ವಲ್ಪ ಕೆರೆದುಕೊಂಡೇ ಹೋಗುತ್ತದೆ. ಕೇಳಿದಷ್ಟೂ ಸವೆಯುತ್ತದೆ. ಅದಕ್ಕೇ ವರ್ಷಕ್ಕೆ ಒಂದೇ ಸಲ, ಆ ದಿನ, ವೆಂಡೆಲ್ ಅಂಕಲ್ ಅದನ್ನು ಹಚ್ಚುತ್ತಿದ್ದರು. ಅದರ ಮೇಲೂ ಬಿಳಿ ಕಾಗದ, ಯಾವುದೋ ಸುಳ್ಳು ಹೆಸರು. ಎಷ್ಟೋ ಸಂಗ್ರಾಹಕರು ಅದಕ್ಕಾಗಿ ಅಲೆದಿದ್ದರು, ಅವರು ಯಾರಿಗೂ ತೋರಿಸಿರಲಿಲ್ಲ.

"ಒಂದ್ಸಲ ಕಂಪ್ಯೂಟರ್‌ಗೆ ಕಾಪಿ ಮಾಡ್ಕೊಂಡ್ರೆ ಆಯ್ತಲ್ಲ?" ಎಂದರು ಅಪ್ಪ. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಬೇಕಾಗಿರಲಿಲ್ಲ, ಅವರೇ ಇಂಗ್ಲಿಷಿನಲ್ಲಿ ಹೇಳಿದರು.

ವೆಂಡೆಲ್ ಅಂಕಲ್ ತಲೆ ಅಲ್ಲಾಡಿಸಿದರು. "ಹಾಗೆ ಮಾಡಿದರೆ ಯಾವಾಗ ಬೇಕಾದರೂ ಕೇಳಬಹುದು. ಆಮೇಲೆ ಅವಳಿಗೂ ರೇಡಿಯೋಗೂ ಏನು ವ್ಯತ್ಯಾಸ?"

ಇದನ್ನು ನಾನು ಅಮ್ಮನಿಗೆ ಹೇಳಿದೆ. ಅಮ್ಮನ ಮುಖ ಬದಲಾಯಿತು. ಅವಳು ನೇರ ಅವರನ್ನೇ ನೋಡುತ್ತ ಕನ್ನಡದಲ್ಲೇ ಹೇಳಿದಳು, "ನಮ್ಮಲ್ಲೂ ಹಾಗೇ. ವರ್ಷಕ್ಕೊಂದ್ಸಲ. ಕೇಳೇ ಪುಟ್ಟಿ, ಅವರ ಹೆಂಡ್ತಿಗೆ ಏನಿಷ್ಟ ಆಗ್ತಿತ್ತು ಅಂತ."

ಎಣ್ಣೆಯಲ್ಲಿ ಕರಿದ ಕೋಳಿ, ಪೀಚ್ ಹಣ್ಣಿನ ಸಿಹಿ, ಪುದೀನದ ವಾಸನೆಯ ಸಿಗರೇಟು. ಅಮ್ಮ ಮೂರನ್ನೂ ಒದಗಿಸಿದಳು. ಕೋಳಿಗೆ ಅಕ್ಕಿಹಿಟ್ಟು, ಶುಂಠಿ ಬೆಳ್ಳುಳ್ಳಿ, ಬ್ಯಾಡಗಿ ಖಾರ ಹಚ್ಚಿದಳು. ಹಿತ್ತಲಲ್ಲಿ ಕಾಯಿ ಬಿಡದ ಒಂದು ಬಾಳೆ ಇತ್ತು, ಅದರ ಎಲೆ ಕೊಯ್ದು ಗರಾಜಿನ ನೆಲದ ಮೇಲೆ, ಟರ್ನ್‌ಟೇಬಲ್ಲಿನ ಮುಂದೆ ಹಾಸಿ ಎಡೆ ಇಟ್ಟಳು. ಅಪ್ಪ ಬಾಗಿಲಲ್ಲಿ ನಿಂತು, ಯಾರದೋ ಹೆಂಡತಿಗೆ ನೀನು ಯಾಕೆ ಎಡೆ ಇಡ್ತಿದ್ದೀಯ ಜಯಾ ಎಂದರು. ಇವರಿಗೆ ಇಡಬಾರದು ಅಂತ ಯಾವ ಶಾಸ್ತ್ರವೂ ಇಲ್ವಲ್ಲ ಎಂದಳು ಅಮ್ಮ. ವೆಂಡೆಲ್ ಅಂಕಲ್ ಕೈ ಒರೆಸಿಕೊಂಡು ತಟ್ಟೆಯನ್ನು ಅಂಚಿನಲ್ಲಿ ಹಿಡಿದು ಇಟ್ಟರು, ಮುಳ್ಳು ಇಳಿಸಿದರು. ನಾನು ಆ ದನಿಯನ್ನು ಮೊದಲು ಕೇಳಿದ್ದು ಹಾಗೆ. ತೊರೆದು ಹೋದವನಿಗೆ, ನೀನು ಬರಬೇಡ, ಆದರೂ ಜಗಲಿಯ ದೀಪ ಉರಿಸಿಯೇ ಇಟ್ಟಿರುತ್ತೇನೆ ಎಂದು ಹೇಳುವ ಹಾಡು. ದಪ್ಪ ದನಿ, ತುದಿಯಲ್ಲಿ ಸ್ವಲ್ಪ ಒಡಕು. ಹಾಡು ಮುಗಿದ ಮೇಲೆ ಅಮ್ಮ ನಮ್ಮನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಹಾಕಿದಳು. ಸತ್ತವರು ಬಂದು ಉಣ್ಣುವಾಗ ಯಾರೂ ನೋಡಬಾರದು. ಬಿಸಿಲಲ್ಲಿ ನಾಲ್ಕೂ ಜನ ಮುಚ್ಚಿದ ಬಾಗಿಲಿನ ಮುಂದೆ ನಿಂತೆವು. ವೆಂಡೆಲ್ ಅಂಕಲ್ ಟೋಪಿ ತೆಗೆದು ಎದೆಗೆ ಹಿಡಿದಿದ್ದರು. ಆಮೇಲೆ ಅಮ್ಮ ಕೆಮ್ಮಿ ಬಾಗಿಲು ತೆಗೆದಳು. ಅಂದಿನಿಂದ ಕೆಮ್ಮುವ ಕಾನೂನು ಜಾರಿಗೆ ಬಂತು.

ಹನ್ನೊಂದನೆಯ ವಯಸ್ಸಿನ ಬೇಸಿಗೆ ರಜೆಯಲ್ಲಿ ನಾನು ಕಳ್ಳಿಯಾದೆ. ವೆಂಡೆಲ್ ಅಂಕಲ್‌ಗೆ ಮೂತ್ರಪಿಂಡ ಕೈಕೊಟ್ಟು ವಾರಕ್ಕೆ ಮೂರು ಮಧ್ಯಾಹ್ನ ಡಯಾಲಿಸಿಸ್‌ಗೆ ಹೋಗುತ್ತಿದ್ದರು. ಅಮ್ಮ ಊಟ ಮುಗಿಸಿ, ಮೆಶೀನಿಗೆ ಬಟ್ಟೆ ಹಾಕಿ, ಒಳಗೆ ಹೋಗಿ ಮಲಗುತ್ತಿದ್ದಳು. ಜೂನಿನಲ್ಲಿ ಆ ಊರಿಗೆ ಸೂರ್ಯನೇ ಇಲ್ಲ, ಕಡಲಿನ ಬೂದು ಮಂಜು ಮಧ್ಯಾಹ್ನ ಕಳೆದರೂ ಹಿತ್ತಲು ಬಿಟ್ಟು ಹೋಗುತ್ತಿರಲಿಲ್ಲ, ಬಾಳೆಯ ಎಲೆ ತೊಟ್ಟಿಕ್ಕುತ್ತಿರುತ್ತಿತ್ತು. ಮೊಳೆಯಿಂದ ಕೀ ತೆಗೆದುಕೊಂಡೆ. ಬಾಗಿಲಲ್ಲಿ ಕೆಮ್ಮಿದೆ. ಯಾಕೆ ಹೋದೆ ಎಂದರೆ, ಮುಚ್ಚಿದ ಬಾಗಿಲಿನ ಹಿಂದೆ ನೋರೀನ್ ಆಂಟಿ ನಿಜವಾಗಿ ಬರುತ್ತಾರೋ ಇಲ್ಲವೋ ನೋಡಬೇಕಿತ್ತು. ಹಾಡು ಹಚ್ಚಿದರೆ ಬರುತ್ತಾರೆ ಎಂಬುದು ನನ್ನ ಲೆಕ್ಕ. ಒಂದೇ ಸಲ ಎಂದುಕೊಂಡೆ. ತಟ್ಟೆಯನ್ನು ಅಂಚಿನಲ್ಲಿ ಹಿಡಿದು ಇಟ್ಟು, ಮುಳ್ಳು ಇಳಿಸಿ, ನೆಲದ ಮೇಲೆ ಕೂತೆ. ಆಚೆ ನಮ್ಮ ಮೆಶೀನು ಗುರುಗುಡುತ್ತಿತ್ತು. ಹಾಡು ಮುಗಿಯಿತು, ಮುಳ್ಳು ಒಳಗಿನ ಗೆರೆಯಲ್ಲಿ ಸುತ್ತತೊಡಗಿತು. ಆಗ ಕೇಳಿಸಿತು. ಯಾರೋ ಉಸಿರು ಎಳೆದುಕೊಂಡರು. ಕುರ್ಚಿಯೊಂದು ಸಿಮೆಂಟಿನ ಮೇಲೆ ಹಿಂದೆ ಸರಿಯಿತು. ಆಮೇಲೆ ಒಂದು ಸಣ್ಣ ನಗು, ಮೂರು ತುಂಡಾಗಿ, ಮೂರನೆಯದು ಅರ್ಧಕ್ಕೇ ನಿಂತಿತು.

ಓಡಿಹೋಗಿ ಕೀಯನ್ನು ಮೊಳೆಗೆ ಹಾಕಿ ಹಾಸಿಗೆಯಲ್ಲಿ ಬಿದ್ದುಕೊಂಡೆ. ಎರಡು ದಿನ ಬಿಟ್ಟು ಮತ್ತೆ ಹೋದೆ. ಹೆದರಿಕೆ ಇರಲಿಲ್ಲ ಎಂದಲ್ಲ, ಹೆದರಿಕೆಗಿಂತ ಚಟ ದೊಡ್ಡದು. ಸೋಮವಾರ, ಬುಧವಾರ, ಶುಕ್ರವಾರ, ಬೇಸಿಗೆ ಮುಗಿಯುವವರೆಗೂ. ಕೆಲವು ದಿನ ಎರಡು ಸಲ. ಹಾಡು ದಿನದಿಂದ ದಿನಕ್ಕೆ ಹಿಂದೆ ಹೋಗುತ್ತಿತ್ತು, ಮೇಲೆ ಮರಳು ಸುರಿದಂತೆ ಬರಬರ ಸದ್ದು ಕೂಡಿಕೊಳ್ಳುತ್ತಿತ್ತು. ಮೊದಲು ಒಡಕು ಹೋಯಿತು, ಆಮೇಲೆ ಮಾತಿನ ತುದಿಗಳು ಹೋದವು. ಕೊನೆಯ ಉಸಿರು, ಕುರ್ಚಿ, ನಗು ಮಾತ್ರ ಸವೆಯಲಿಲ್ಲ. ಹಾಡು ಸಣ್ಣದಾದಷ್ಟೂ ಅವು ಹತ್ತಿರ ಬಂದವು. ಕೊನೆಕೊನೆಗೆ ಆ ಉಸಿರು ಸ್ಪೀಕರಿನಲ್ಲಿ ಇರಲೇ ಇಲ್ಲ, ನನ್ನ ಬೆನ್ನ ಹಿಂದೆ ಇತ್ತು. ತಿರುಗಿ ನೋಡಿದರೆ ಪ್ಲೈವುಡ್ಡು, ಅದಕ್ಕೆ ಆನಿಸಿದ ರೆಕಾರ್ಡುಗಳು, ಸಾಲಾಗಿ ಬಿಳಿ ಕಾಗದದ ಮುಖಗಳು. ಹೆಂಗಸೊಬ್ಬರನ್ನು ನಾನು ಸ್ವಲ್ಪಸ್ವಲ್ಪವೇ ತಟ್ಟೆಯಿಂದ ಕೆರೆದು ಹೊರಗೆ ತರುತ್ತಿದ್ದೇನೆ, ಪೂರ್ತಿ ಹೊರಗೆ ಬಂದ ದಿನ ತಟ್ಟೆ ಖಾಲಿಯಾಗುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ. ಅದನ್ನು ಬೇರೆ ಯಾವ ಮಾತಲ್ಲೂ ಹೇಳಲಾರೆ.

ಅಕ್ಟೋಬರು ಬಂತು. ಹಿಂದಿನ ವಾರವಿಡೀ ಜ್ವರ ಬರಲಿ, ಭೂಕಂಪ ಆಗಲಿ, ವೆಂಡೆಲ್ ಅಂಕಲ್ ಮರೆತುಬಿಡಲಿ ಎಂದು ಬೇಡಿಕೊಂಡೆ. ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಡಯಾಲಿಸಿಸ್ಸಿನಿಂದ ಕೈ ಊದಿತ್ತು. ಗಾಳಿ ಜೋರಾಗಿತ್ತು, ಗರಾಜಿನ ತಗಡು ತಾನೇ ಬಡಿದುಕೊಳ್ಳುತ್ತಿತ್ತು. ಅಮ್ಮ ಎಡೆ ಇಟ್ಟು ಸೌಟು ಹಿಡಿದು ನಿಂತಿದ್ದಳು, ಅಪ್ಪ ಬಾಗಿಲಲ್ಲಿ. ವೆಂಡೆಲ್ ಅಂಕಲ್ ಮುಳ್ಳು ಇಳಿಸಿ ಕಣ್ಣು ಮುಚ್ಚಿಕೊಂಡರು. ಬರಬರ ಸದ್ದು. ಅದರ ಅಡಿಯಲ್ಲಿ ಎಲ್ಲೋ ದೂರದಲ್ಲಿ ತಾಳದ ನೆರಳು. ಅವರು ಕಣ್ಣು ತೆರೆದರು, ವಾಲ್ಯೂಮ್ ತಿರುಗಿಸಿದರು, ಮರಳಿನ ಸದ್ದು ದೊಡ್ಡದಾಯಿತು. ಬಗ್ಗಿ ತಟ್ಟೆಯನ್ನು ನೋಡಿದರು. ಅವರ ಕೆಳತುಟಿ ಅದುರಿತು. ಅದನ್ನು ನೋಡಲಾಗದೆ ನಾನು ಬಾಯಿ ತೆರೆದೆ.

ಮೊದಲ ಸಾಲಿನಿಂದ ಹಾಡಿದೆ. ಅಳಿಸಿಹೋದ ತಾಳಕ್ಕೆ ಸರಿಯಾಗಿ, ನೋರೀನ್ ಆಂಟಿ ಎಲ್ಲಿ ತಡೆದರೋ ಅಲ್ಲಿ ತಡೆದು, ಎಲ್ಲಿ ಒಡೆದರೋ ಅಲ್ಲಿ ಒಡೆದು. ಮಧ್ಯದಲ್ಲಿ ನಿಲ್ಲಿಸುವುದು ಹೇಗೆಂದೇ ನನಗೆ ಗೊತ್ತಿರಲಿಲ್ಲ. ಒಂದೊಂದು ಸಾಲೂ ನಾನೇ ಕದ್ದದ್ದು ಎಂದು ಒಪ್ಪಿಕೊಂಡಂತೆ ಆಗುತ್ತಿತ್ತು. ಕೊನೆಗೆ ಉಸಿರು ಎಳೆದುಕೊಂಡೆ, ಕುರ್ಚಿಯ ಸದ್ದಿಗೆ ಬಿಡಬೇಕಾದಷ್ಟು ಹೊತ್ತು ಬಿಟ್ಟೆ, ಮೂರು ತುಂಡಾಗಿ ನಕ್ಕೆ.

ವೆಂಡೆಲ್ ಅಂಕಲ್ ಮುಳ್ಳು ಎತ್ತಿದರು. ಬೈಯುತ್ತಾರೆ ಎಂದುಕೊಂಡೆ.

"ಕೊನೆಯದನ್ನು ಯಾರು ಹೇಳಿಕೊಟ್ಟರು?"

"ಯಾರೂ ಇಲ್ಲ. ತಟ್ಟೆಯಲ್ಲಿದೆ."

"ಇಲ್ಲ ಕಿಡ್, ತಟ್ಟೆಯಲ್ಲಿ ಇಲ್ಲ. ಹಾಡು ಮುಗಿದ ಕೂಡಲೇ ಯಂತ್ರ ನಿಲ್ಲಿಸಿದ್ದರು. ಆಮೇಲೆ ಅವಳು ಕುರ್ಚಿ ಸರಿಸಿ ಎದ್ದಳು, ಎದ್ದು ನಕ್ಕಳು. ಹಾಗೇ ನಕ್ಕಳು. ಆ ಕೋಣೆಯಲ್ಲಿ ನಾವು ಮೂರೇ ಜನ ಇದ್ದದ್ದು. ಈಗ ಉಳಿದಿರುವವನು ನಾನೊಬ್ಬನೇ."

ಅಭ್ಯಾಸಬಲದಿಂದ ನಾನು ಇದನ್ನೂ ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಅಮ್ಮನ ಕೈಯಿಂದ ಸೌಟು ಬಿತ್ತು. ಅದನ್ನು ಎತ್ತಿಕೊಳ್ಳದೆ ಅವಳು ಹಿತ್ತಲಿಗೆ ಹೋಗಿಬಿಟ್ಟಳು. ಹೆದರಿದಳು ಎಂದುಕೊಂಡೆ. ಅಪ್ಪ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ, ಇನ್ನು ಆ ಕಡೆ ಕಾಲಿಟ್ಟರೆ ಕಾಲು ಮುರಿಯುತ್ತೇನೆ ಎಂದರು. ಆಮೇಲೆ ಹಿಂದಿನ ಮನೆಗೆ ಹೋಗಿ ಎಷ್ಟೋ ಹೊತ್ತು ಕ್ಷಮೆ ಕೇಳಿ ಬಂದರು. ಮೊಳೆಯ ಮೇಲಿನ ಕೀ ಅಂದೇ ಮಾಯವಾಯಿತು. ಒಂದು ವಾರ ವೆಂಡೆಲ್ ಅಂಕಲ್ ಮುಖ ತೋರಿಸಲಿಲ್ಲ. ಎಂಟನೆಯ ದಿನ ಬಾಗಿಲು ತಟ್ಟಿ, ಒಳಗೆ ಬಾರದೆ, ಹೊಸಿಲಾಚೆ ನಿಂತು ನನಗೆ ಹೇಳಿದರು, "ವರ್ಷಕ್ಕೊಂದು ಸಲ, ಆ ದಿನ. ಬೇರೆ ಯಾವ ದಿನವೂ ಹಾಡಬೇಡ. ಸ್ನಾನದ ಮನೆಯಲ್ಲೂ. ಗೊತ್ತಾಯಿತಾ?" ಕ್ಷಮಿಸಿದ್ದೇನೆ ಎನ್ನಲಿಲ್ಲ. ಮುಂದೆಯೂ ಎಂದೂ ಎನ್ನಲಿಲ್ಲ.

ಹೀಗೆ ನಾನು ತಟ್ಟೆಯಾದೆ. ಹದಿಮೂರಕ್ಕೆ ನಾವು ಸ್ಯಾನ್ ಡಿಯಾಗೋಗೆ ಹೋದೆವು, ಅಪ್ಪನಿಗೆ ಅಲ್ಲಿ ಟೆಲಿಕಾಂ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಆದರೂ ಪ್ರತಿ ಅಕ್ಟೋಬರು ಅಮ್ಮ ಬೆಳಗ್ಗೆಯೇ ಕೋಳಿ ಕರಿದು ಸ್ಟೀಲ್ ಡಬ್ಬಿಗೆ ತುಂಬುತ್ತಿದ್ದಳು, ಎರಡು ಗಂಟೆ ಡ್ರೈವ್ ಮಾಡಿ ಟೊರೆನ್ಸಿಗೆ ಹೋಗುತ್ತಿದ್ದೆವು. ಖಾಲಿ ತಟ್ಟೆ ಸುತ್ತುತ್ತಿತ್ತು, ಪಕ್ಕದಲ್ಲಿ ನಿಂತು ನಾನು ಹಾಡುತ್ತಿದ್ದೆ. ವೆಂಡೆಲ್ ಅಂಕಲ್ ತಪ್ಪು ಬಿಡುತ್ತಿರಲಿಲ್ಲ. ಎರಡನೇ ಸಾಲಿಗೆ ನೀನು ಅವಸರ ಮಾಡಿದೆ, ಅವಳು ಅಲ್ಲಿ ಕಾಯುತ್ತಿದ್ದಳು ಎನ್ನುತ್ತಿದ್ದರು. ನಗುವಿನ ಬಗ್ಗೆ ಮಾತ್ರ ಒಂದು ವರ್ಷವೂ ಏನೂ ತಿದ್ದಲಿಲ್ಲ. ಅದು ಬರುವ ಹೊತ್ತಿಗೆ ಎರಡೂ ಕೈ ಮಡಿಲಲ್ಲಿ ಜೋಡಿಸಿ, ಪ್ರಸಾದಕ್ಕೆ ಕೂತವರ ಹಾಗೆ ಕಾಯುತ್ತಿದ್ದರು. ಹದಿನಾರು ಹದಿನೇಳರಲ್ಲಿ ನನಗೆ ಇದೆಲ್ಲ ಅಸಹ್ಯವಾಗಿ, ಒಂದು ವರ್ಷ ಬರುವುದಿಲ್ಲ ಎಂದು ಬಾಗಿಲು ಹಾಕಿಕೊಂಡೆ. ಎಂದೂ ಜೋರು ಮಾಡದ ಅಮ್ಮ ಅಂದು ಬಾಗಿಲು ಗುದ್ದಿದಳು. ನನ್ನ ದನಿ ದಪ್ಪವಾಗುತ್ತಿತ್ತು, ತುದಿಯಲ್ಲಿ ಒಡೆಯುತ್ತಿತ್ತು. ಅದಕ್ಕಿಂತ ಕೆಟ್ಟದ್ದು ಇನ್ನೊಂದು. ಶಾಲೆಯಲ್ಲಿ ಗೆಳತಿಯರು ಏನಾದರೂ ತಮಾಷೆ ಹೇಳಿದರೆ ನನ್ನ ಬಾಯಿಂದ ಮೂರು ತುಂಡಿನ ಆ ನಗುವೇ ಬರುತ್ತಿತ್ತು. ಅದಕ್ಕೆ ಮೊದಲು ನಾನು ಹೇಗೆ ನಗುತ್ತಿದ್ದೆ ಎಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಈಗಲೂ ನೆನಪಿಲ್ಲ.

ನನಗೆ ಹತ್ತೊಂಬತ್ತು ತುಂಬಿದ ವರ್ಷ ವೆಂಡೆಲ್ ಅಂಕಲ್ ಹೋದರು. ಆಗಸ್ಟಿನಲ್ಲಿ. ಅಕ್ಟೋಬರಿನ ಆ ದಿನ ಅಮ್ಮ ಎಂದಿನಂತೆ ಡಬ್ಬಿ ತುಂಬಿದಳು. ಮನೆ ಮಾರಾಟಕ್ಕಿತ್ತು, ಅವರ ಅಕ್ಕನ ಮಗ ಒಂದು ಗಂಟೆಯ ಮಟ್ಟಿಗೆ ಗರಾಜಿನ ಕೀ ಕೊಟ್ಟ. ಒಳಗೆ ಏನೂ ಇರಲಿಲ್ಲ. ರೆಕಾರ್ಡುಗಳನ್ನೆಲ್ಲ ಯಾರೋ ಒಟ್ಟಿಗೆ ಕೊಂಡುಹೋಗಿದ್ದರು. ನೋರೀನ್ ಆಂಟಿಯ ತಟ್ಟೆಯನ್ನು ವೆಂಡೆಲ್ ಅಂಕಲ್ ಜೊತೆಗೇ ಮಣ್ಣಿಗಿಟ್ಟರಂತೆ. ಅಡ್ಡಗೋಡೆಯನ್ನೂ ಕಿತ್ತಿದ್ದರು. ಬರಿಯ ಸಿಮೆಂಟು ನೆಲ, ಒಂದು ಪೊರಕೆ ಕೂಡ ಇಲ್ಲ. ಅಮ್ಮ ಹಿತ್ತಲಿನ ಬಾಳೆಯಿಂದ ಎಲೆ ಕೊಯ್ದು ತಂದು ಹಾಸಿದಳು. ನೋರೀನ್ ಆಂಟಿಗೆ ಒಂದು, ವೆಂಡೆಲ್ ಅಂಕಲ್‌ಗೆ ಒಂದು. ಆಮೇಲೆ ಮೂರನೆಯದು ಹಾಸಿದಳು. ಅದರ ಮೇಲೆ ಚಿಕ್ಕ ಡಬ್ಬಿಯಿಂದ ಅವರೇಕಾಳಿನ ಉಸಲಿ, ಎರಡು ಅಕ್ಕಿರೊಟ್ಟಿ, ಎಲೆ ಅಡಿಕೆ ಇಟ್ಟಳು.

"ಇದು ಯಾರಿಗಮ್ಮ?"

"ನಮ್ಮಮ್ಮಂಗೆ." ಸ್ವಲ್ಪ ಹೊತ್ತು ಎಲೆಯ ತುದಿಯನ್ನು ಸರಿಮಾಡುತ್ತ ಕೂತಳು. "ನಿಮ್ಮಪ್ಪನ ಮನೆಯಲ್ಲಿ ತಾನೇ ಇಡಬಾರದು? ಇದು ಯಾರ ಮನೆಯೂ ಅಲ್ವಲ್ಲ ಈಗ."

ಅಮ್ಮ ಮುಂದುವರಿಸಿದಳು, ನನ್ನ ಮುಖ ನೋಡದೆ.

"ಆ ಬೇಸಿಗೆ ನೀನು ಹಾಡು ಹಾಕ್ದಾಗೆಲ್ಲ ನಾನು ಆಚೆ ಕಡೆ ಇರ್ತಿದ್ದೆ ಕಣೇ. ಮೆಶೀನ್ ಹತ್ರ. ಅಮ್ಮ ಹೋದ್ಮೇಲೆ ನಂಗೆ ಅಳೋಕೆ ಅದೊಂದೇ ಜಾಗ ಇದ್ದದ್ದು. ಹಾಡು ಮುಗಿಯೋವರೆಗೂ ತಡ್ಕೋತಿದ್ದೆ. ಮೆಶೀನ್ ಸದ್ದಲ್ಲಿ ಯಾರ್ಗೂ ಕೇಳ್ಸಲ್ಲ ಅಂದ್ಕೊಂಡಿದ್ದೆ."

"ನೀನು ಕೆಮ್ಮಲೇ ಇಲ್ವಲ್ಲಮ್ಮ."

"ಕೆಮ್ಮಿದ್ರೆ ನಿಂಗೆ ಗೊತ್ತಾಗ್ತಿತ್ತು. ನೀನು ನಿಲ್ಲಿಸ್ಬಿಡ್ತಿದ್ದೆ." ಅವಳು ಎಲೆಯ ಮೇಲೆ ನೀರು ಚಿಮುಕಿಸಿದಳು. "ತಟ್ಟೆ ಸವೀತಿದೆ ಅಂತ ನಂಗೂ ಗೊತ್ತಿತ್ತು. ಆವತ್ತು ನೀನು ಸಿಕ್ಕಿಬಿದ್ದಾಗ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಅವರ ಮುಂದೆ ಹೇಳೋಣ ಅಂತ ಪ್ರತಿ ವರ್ಷ ಬರ್ತಿದ್ದೆ. ನೀನು ನಕ್ಕಾಗ ಅವರ ಮುಖ ನೋಡಿ, ಹೆಂಗೆ ಹೇಳಲಿ?"

ಅಡ್ಡಗೋಡೆ ಇದ್ದ ಜಾಗದಲ್ಲಿ ಸಿಮೆಂಟಿನ ಮೇಲೆ ಬಿಳಿ ಗೆರೆ ಮಾತ್ರ ಉಳಿದಿತ್ತು, ನಾನು ಕೂರುತ್ತಿದ್ದ ಜಾಗಕ್ಕೂ ಮೆಶೀನಿನ ಜಾಗಕ್ಕೂ ಒಂದು ಮಾರು ದೂರ ಇಲ್ಲ. ಒಂದೇ ಒಂದು ಪ್ರಶ್ನೆ ಉಳಿದಿತ್ತು.

"ಕುರ್ಚಿ ಸರಿಸ್ತಿದ್ದದ್ದೂ ನೀನೇನಾ?"

"ಯಾವ ಕುರ್ಚಿ?" ಎಂದಳು ಅಮ್ಮ. "ನಾನು ನಿಂತೇ ಇರ್ತಿದ್ದೆ. ಅಲ್ಲಿ ಕುರ್ಚಿ ಎಲ್ಲಿತ್ತು?"

ಇಬ್ಬರೂ ಹೊರಗೆ ಬಂದು ಬಾಗಿಲು ಹಾಕಿದೆವು. ಗಾಳಿಗೆ ಬಾಳೆಯ ಎಲೆಗಳು ಸೀಳಿಕೊಂಡು ಪಟಪಟ ಎನ್ನುತ್ತಿದ್ದವು. ಮುಚ್ಚಿದ ಬಾಗಿಲಿಗೆ ಮುಖ ಮಾಡಿ ನಾನು ಹಾಡಿದೆ. ಎರಡನೇ ಸಾಲಿಗೆ ಅವಸರ ಮಾಡಲಿಲ್ಲ, ಕಾದೆ. ಕೊನೆಯ ಸಾಲು ಮುಗಿಸಿ ಉಸಿರು ಎಳೆದುಕೊಂಡೆ. ನಗಬೇಕಾದ ಜಾಗ ಬಂದಾಗ ನನ್ನಿಂದ ಆಗಲಿಲ್ಲ, ಬಾಯಿ ಮುಚ್ಚಿಕೊಂಡೆ. ಆಗ ಪಕ್ಕದಿಂದ ಅದು ಬಂತು. ಮೂರು ತುಂಡಾಗಿ, ಮೂರನೆಯದು ಅರ್ಧಕ್ಕೇ ನಿಂತು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು, ಭುಜ ಕುಲುಕುತ್ತಿತ್ತು. ನನ್ನ ಹತ್ತೊಂಬತ್ತು ವರ್ಷದಲ್ಲಿ ಅವಳು ಅತ್ತದ್ದನ್ನು ಕಣ್ಣಾರೆ ಕಂಡದ್ದು ಅದೇ ಮೊದಲು. ಎಂಟು ವರ್ಷ ನಾನು ಅದನ್ನೇ ನಕ್ಕಿದ್ದೆ.

ಅವಳ ಕೈ ಹಿಡಿದುಕೊಂಡೆ. ಸ್ವಲ್ಪ ಹೊತ್ತಾದ ಮೇಲೆ ಅಮ್ಮ ಮುಖ ಒರೆಸಿಕೊಂಡು, ಗಂಟಲು ಸರಿಮಾಡಿ, ಕೆಮ್ಮಿದಳು. ಒಳಗೆ, ಏನೂ ಇಲ್ಲದ ಆ ಸಿಮೆಂಟಿನ ಮೇಲೆ, ಕುರ್ಚಿಯೊಂದು ಹಿಂದೆ ಸರಿದ ಸದ್ದಾಯಿತು. ಅಮ್ಮ ನನ್ನತ್ತ ನೋಡಿದಳು. ಹಿಡಿಯ ಮೇಲಿಟ್ಟ ಕೈಯನ್ನು ಹಿಂದೆ ತೆಗೆದುಕೊಂಡಳು.

"ಇನ್ನೊಂಚೂರು ಹೊತ್ತು ಬಿಡು," ಎಂದಳು. "ನಿಧಾನಕ್ಕೆ ಏಳ್ಲಿ."